ತೊಂಬತ್ತು ದಿನಗಳ ಲೆಕ್ಕ

2025ರ ಡಿಸೆಂಬರ್ ಮೊದಲ ವಾರ. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಪಾಸ್‌ಪೋರ್ಟು, ಗೋಡೆಯಿಂದ ಇಳಿಸಿದ ಕಾಲನಿರ್ಣಯ ಕ್ಯಾಲೆಂಡರು, ಒಂದು ಕೆಂಪು ಪೆನ್ಸಿಲು. ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ಒಣಶುಂಠಿ ಕುಟ್ಟುತ್ತಿದ್ದಳು. ನಾನು ದಿನ ಎಣಿಸುತ್ತಿದ್ದೆ. ಮೂರು ಸಲ ಎಣಿಸಿದೆ. ಮೂರು ಸಲವೂ ಅರವತ್ತೇ ಬಂತು.

“ತೊಂಬತ್ತು ದಿನ ಅಂದಿದ್ರಲ್ರೀ?”

“ಮೂವತ್ತು ಖರ್ಚ ಆಗ್ಯಾವ.”

“ಯಾವಾಗ?”

“ದೀಪಾವಳಿಗೆ.”

ಕುಟ್ಟುವ ಸದ್ದು ನಿಂತಿತು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಮಂದಿಯ ಬಡ್ಡಿಯನ್ನು ಪೈಸೆಗೆ ಪೈಸೆ ಹೊಂದಿಸಿದ ನಾನು, ಸ್ವಂತ ಮಗಳ ಬಾಣಂತನದ ಲೆಕ್ಕದಲ್ಲಿ ಒಂದು ತಿಂಗಳು ತಪ್ಪಿದ್ದೆ.

ನಮ್ಮ ಮಗಳು ನೆದರ್ಲ್ಯಾಂಡ್ಸಿನ ಐಂಡ್‌ಹೋವನ್ನಿನಲ್ಲಿ ಇಂಜಿನಿಯರು. ಅಳಿಯನೂ ಅಲ್ಲೇ, ಅವರ ಮನೆತನ ಹುಬ್ಬಳ್ಳಿಯದು. ಜನವರಿ 25ರ ಸುಮಾರಿಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಗದಗ ಕಡೆಯ ನಮ್ಮ ಮನೆಗಳಲ್ಲಿ ಚೊಚ್ಚಲ ಬಾಣಂತನ ಅಂದರೆ ಐದು ತಿಂಗಳು. ನನ್ನ ಹೆಂಡತಿ ಕಾಲಕ್ಕೆ ತಕ್ಕಂತೆ ಅದನ್ನು ಮೂರಕ್ಕೆ ಇಳಿಸಿದ್ದಳು. ಜನವರಿ 10ಕ್ಕೆ ಹೋಗುವುದು, ಏಪ್ರಿಲ್ 9ಕ್ಕೆ ಬರುವುದು. ಸರಿಯಾಗಿ ತೊಂಬತ್ತು ದಿನ. ವೀಸಾ ಚೀಟಿಯ ಮೇಲೂ ತೊಂಬತ್ತು ದಿನ ಎಂದೇ ಅಚ್ಚಾಗಿತ್ತು. ಇನ್ನೇನು ಬೇಕು ಎಂದುಕೊಂಡಿದ್ದೆವು.

ಆ ವೀಸಾ ಸಿಕ್ಕಾಗ ನಮಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಭಾರತೀಯರಿಗಾಗಿ ಹೊಸ ವ್ಯವಸ್ಥೆಯೊಂದನ್ನು ತಂದಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮ ಮೀರದೆ ಬಳಸಿದವರಿಗೆ ಎರಡು ವರ್ಷದ ವೀಸಾ, ಅದನ್ನೂ ನೆಟ್ಟಗೆ ಬಳಸಿದವರಿಗೆ ಮುಂದೆ ಐದು ವರ್ಷದ್ದು. ನಾವು 2023ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಹೋಗಿಬಂದಿದ್ದೆವು. ಹಾಗಾಗಿ 2025ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದಾಗ ಎರಡು ವರ್ಷದ್ದು ಸಿಕ್ಕಿತು. “ಎರಡು ವರ್ಷ ಅಲ್ಲೇ ಇರಬಹುದೇನ್ರೀ?” ಎಂದು ಇವಳು ಕೇಳಿದಾಗ ನಾನು ನಕ್ಕು ಬುದ್ಧಿ ಹೇಳಿದ್ದೆ: “ಬಾಗಲಾ ಎರಡು ವರ್ಷ ತೆರದಿರ್ತದ. ಒಳಗ ಕೂಡೂದು ಮಾತ್ರ ತೊಂಬತ್ತು ದಿನ.” ನಗಬಾರದಿತ್ತು. ಅವಳಿಗೆ ಒಂದು ಗೊತ್ತಿರಲಿಲ್ಲ, ನನಗೆ ಇನ್ನೊಂದು ಗೊತ್ತಿರಲಿಲ್ಲ.

ಮಗಳು ಬಸುರಿ, ಒಬ್ಬಳೇ ದೀಪಾವಳಿ ಮಾಡುವುದು ಬೇಡವೆಂದು ಅಕ್ಟೋಬರ್ 15ಕ್ಕೆ ಹೋದೆವು, ನವೆಂಬರ್ 13ಕ್ಕೆ ಮರಳಿದೆವು. ಹೋದ ದಿನ, ಬಂದ ದಿನ ಎರಡೂ ಸೇರಿ ಮೂವತ್ತು. ಹೊಸ ವರ್ಷಕ್ಕೆ ಹೊಸ ಲೆಕ್ಕ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಅದಕ್ಕೆ ಕಾರಣವೂ ಉಂಟು. ನಾನು 1984ರಲ್ಲಿ ಬ್ಯಾಂಕು ಸೇರಿದಾಗ ಜೂನ್ 30 ಮತ್ತು ಡಿಸೆಂಬರ್ 31ಕ್ಕೆ ಅರ್ಧವಾರ್ಷಿಕ ಕ್ಲೋಸಿಂಗ್. ಎಂಬತ್ತರ ದಶಕದ ಕೊನೆಯಲ್ಲಿ ಅದು ಸೆಪ್ಟೆಂಬರ್, ಮಾರ್ಚ್‌ಗೆ ಬದಲಾಯಿತು. ದಿನಾಂಕ ಬದಲಾದರೂ ಪದ್ಧತಿ ಒಂದೇ: ರಾತ್ರಿಯೆಲ್ಲ ಕೂತು ಲೆಡ್ಜರ್ ಮುಚ್ಚುವುದು, ಬೆಳಿಗ್ಗೆ ಹೊಸ ಪುಟ. 180 ದಿನ ಅಂದರೆ ಅರ್ಧ ವರ್ಷ, ಅರ್ಧ ವರ್ಷ ಅಂದರೆ ಡಿಸೆಂಬರ್ 31ಕ್ಕೆ ಕ್ಲೋಸಿಂಗ್. ಹೀಗೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಯುರೋಪಿನವರ ಲೆಕ್ಕಕ್ಕೆ ಕ್ಲೋಸಿಂಗ್ ಎಂಬುದೇ ಇಲ್ಲ. ನೀವು ಅಲ್ಲಿರುವ ಪ್ರತಿದಿನವೂ ಹಿಂದಿರುಗಿ ನೋಡುತ್ತಾರೆ. ಈ ದಿನವೂ ಸೇರಿ ಹಿಂದಿನ 180 ದಿನಗಳಲ್ಲಿ ನೀವು ಒಳಗಿದ್ದ ದಿನಗಳು ಎಷ್ಟು? ತೊಂಬತ್ತು ದಾಟಬಾರದು. ನಾಳೆ ಕೇಳಿದರೆ ನಾಳೆಯಿಂದ ಹಿಂದಕ್ಕೆ 180. ಹೀಗೆ ದಿನಕ್ಕೊಂದರಂತೆ ಜಾರುವ ಕಿಟಕಿ. ನಾವು ಜನವರಿ 10ಕ್ಕೆ ಕಾಲಿಟ್ಟರೆ ದೀಪಾವಳಿಯ ಮೂವತ್ತೂ ಕಿಟಕಿಯೊಳಗೇ ಇರುತ್ತವೆ. ಅದರ ಮೊದಲ ದಿನ ಕಳಚಿಕೊಳ್ಳುವುದು ಏಪ್ರಿಲ್ 13ಕ್ಕೆ. ಉಳಿದದ್ದು ಅರವತ್ತು. ಜನವರಿಯಲ್ಲಿ 22, ಫೆಬ್ರವರಿಯಲ್ಲಿ 28, ಮಾರ್ಚಿನಲ್ಲಿ 10. ಮಾರ್ಚ್ 10ಕ್ಕೆ ಹೊರಗಿರಬೇಕು. ಹೇಳಿದ ದಿನವೇ ಹೆರಿಗೆಯಾದರೆ ಅಂದು ಕೂಸಿಗೆ ಒಂದೂವರೆ ತಿಂಗಳು ತುಂಬಿರುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೀಗೆ ಪರರಾಷ್ಟ್ರವೊಂದು ನಮ್ಮ ದಿನಗಳನ್ನು ಎಣಿಸುವ ಪದ್ಧತಿ ಎಲ್ಲಿಂದ ಬಂತು ಎಂದು ಯೋಚಿಸುತ್ತ ಕೂತೆ. ಮುಂದಿನ ದಿನಗಳಲ್ಲಿ ಓದಿಕೊಂಡದ್ದನ್ನೂ, ಫೋರ್ಟಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಕಣ್ಣಾರೆ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಿಶ್ವೇಶ್ವರಯ್ಯನವರೂ ಮೊದಲು ಮುಂಬಯಿ ಸರಕಾರದ ನೌಕರರೇ. 1884ರಲ್ಲಿ ಇಲ್ಲಿನ ಲೋಕೋಪಯೋಗಿ ಇಲಾಖೆ ಸೇರಿದವರು, 1908ರಲ್ಲಿ ಆ ಸೇವೆ ಬಿಟ್ಟು ಯುರೋಪು, ಅಮೆರಿಕ ನೋಡಲು ಹೊರಟರು. ಆಗಿನ ಪ್ರವಾಸಿಗೆ ಬೇಕಾದದ್ದು ಹಡಗಿನ ಟಿಕೇಟು ಮತ್ತು ಕಿಸೆಯಲ್ಲಿ ಹಣ. ರಷ್ಯಾ, ತುರ್ಕಿಯಂಥವನ್ನು ಬಿಟ್ಟರೆ ಯುರೋಪಿನ ಬಹುತೇಕ ಗಡಿಗಳಲ್ಲಿ ಪಾಸ್‌ಪೋರ್ಟ್ ಕಡ್ಡಾಯವಿರಲಿಲ್ಲ. ಹಾಗೆಂದು ಅದು ರಾಮರಾಜ್ಯವೇನಲ್ಲ. ಟಿಕೇಟಿನ ದುಡ್ಡು ಎಷ್ಟು ಮಂದಿಯ ಹತ್ತಿರ ಇತ್ತು? ಸಮುದ್ರ ದಾಟಿದರೆ ಜಾತಿಯವರು ಹೊರಗಿಡುತ್ತಿದ್ದ ಕಾಲ ಅದು. ನಮ್ಮ ಗಡಿಯನ್ನು ನಮ್ಮ ಮಂದಿಯೇ ಕಾಯುತ್ತಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬೇಹುಗಾರರ ಭಯಕ್ಕೆ ದೇಶ ದೇಶಗಳು ಬಾಗಿಲು ಹಾಕಿಕೊಂಡು ಕಾಗದ ಕೇಳತೊಡಗಿದವು. ಯುದ್ಧ ಮುಗಿಯಿತು, ಕಾಗದ ಉಳಿಯಿತು. 1920ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸಿನಲ್ಲಿ ಒಂದು ಸಮ್ಮೇಳನ ನಡೆಸಿ, ಎಲ್ಲ ದೇಶಗಳ ಪಾಸ್‌ಪೋರ್ಟೂ 32 ಪುಟಗಳ ಪುಸ್ತಕವಾಗಿರಲಿ ಎಂದು ನಮೂನೆ ಗೊತ್ತುಮಾಡಿತು. ಇವತ್ತು ನಮ್ಮ ಕೈಯಲ್ಲಿರುವ ಪುಸ್ತಕದ ಅಜ್ಜ ಅದು. ಮುಂದೆ ಇಂಥ ನಿರ್ಬಂಧಗಳೇ ಇಲ್ಲದ ದಿನ ಬರಲಿ ಎಂಬ ಆಶಯವೂ ಆ ಸಮ್ಮೇಳನದಲ್ಲಿತ್ತು. ಅದೇ ವರ್ಷ ನಮ್ಮಲ್ಲಿಯೂ ಭಾರತ ಪ್ರವೇಶಕ್ಕೆ ಪಾಸ್‌ಪೋರ್ಟ್ ಕಾಯಿದೆ ಬಂತು. ಶತಮಾನ ದಾಟಿತು. ತಾತ್ಕಾಲಿಕ ಎಂದು ಬಂದ ನಿಯಮ ಕಾಯಂ ಆಗುವುದನ್ನು ಬ್ಯಾಂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಪಾಸ್‌ಪೋರ್ಟ್ ನಮ್ಮ ಹಕ್ಕೇನಾಗಿರಲಿಲ್ಲ. ಸರಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೂರಕ್ಕೆ ಎರಡು ಮತಗಳಿಂದ ತೀರ್ಪು ಕೊಟ್ಟಿತು. ವಿದೇಶಕ್ಕೆ ಹೋಗುವುದೂ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಕಾನೂನಿಲ್ಲದೆ ಸುಮ್ಮನೆ ತಡೆಯುವಂತಿಲ್ಲ ಎಂದಿತು. ಆಗ ಅವಸರದಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಅದೇ ವರ್ಷ, ಜೂನ್‌ನಲ್ಲಿ. ಅತ್ತ ಯುರೋಪಿನ ಬಾಗಿಲುಗಳು ಒಂದೊಂದಾಗಿ ಕಿರಿದಾಗುತ್ತಿದ್ದವು. ಕಾಮನ್‌ವೆಲ್ತ್ ಪ್ರಜೆಗಳಿಗೆ ಮುಕ್ತವಾಗಿದ್ದ ಬ್ರಿಟನ್ 1962ರ ಕಾಯಿದೆಯಿಂದ ಅಂಕುಶ ಹಾಕಿತು. 1986ರಲ್ಲಿ ನಮ್ಮ ಪ್ರವಾಸಿಗಳಿಗೂ ವೀಸಾ ಕಡ್ಡಾಯ ಮಾಡಿತು.

ಆದರೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಾಮಾನ್ಯನಿಗೆ ಹೆಚ್ಚು ಅಡ್ಡಿಯಾಗಿದ್ದ ಬಾಗಿಲು ಯುರೋಪಿನದಲ್ಲ, ನಮ್ಮದೇ. 1973ರ ಫೆರಾ ಕಾಯಿದೆ. ದೇಶದ ಹತ್ತಿರ ಡಾಲರು, ಪೌಂಡು ಇರಲಿಲ್ಲ. ಇದ್ದಷ್ಟನ್ನು ಎಣ್ಣೆ, ಗೊಬ್ಬರ, ಯಂತ್ರಕ್ಕೆ ಕಾಪಾಡಬೇಕಿತ್ತು. ಎಪ್ಪತ್ತರ ದಶಕದಲ್ಲಿ ಹೊರಟವರು ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕತೆಯನ್ನು ಇಂದಿಗೂ ಹೇಳುತ್ತಾರೆ. ನಾನು ವಿನಿಮಯ ವಿಭಾಗಕ್ಕೆ ಬರುವ ಹೊತ್ತಿಗೆ ಪರಿಸ್ಥಿತಿ ಸ್ವಲ್ಪ ಸಡಿಲವಾಗಿತ್ತು. ಆದರೂ ನಿಗದಿ ಮಾಡಿದ ಕೋಟಾಕ್ಕಿಂತ ಒಂದು ಡಾಲರ್ ಹೆಚ್ಚು ಬೇಕೆಂದರೆ ರಿಸರ್ವ್ ಬ್ಯಾಂಕಿನ ಅನುಮತಿ, ಅದಕ್ಕೊಂದು ಅರ್ಜಿ, ಅರ್ಜಿಗೊಂದು ಪುರಾವೆ, ಪುರಾವೆಗೊಂದು ಮುದ್ರೆ.

1988ರ ಮಾತು. ಮಾಟುಂಗದಲ್ಲಿದ್ದ, ಉಡುಪಿ ಕಡೆಯ ಒಬ್ಬ ಹಿರಿಯ ಹೆಂಗಸು ನನ್ನ ಕೌಂಟರಿಗೆ ಬಂದರು. ಮಗಳು ಆಗಿನ ಪಶ್ಚಿಮ ಜರ್ಮನಿಯಲ್ಲಿ. ಚೊಚ್ಚಲ ಹೆರಿಗೆ. ಟಿಕೇಟನ್ನು ಅಳಿಯ ಕಳಿಸಿದ್ದ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಇರಲಿ ಎಂದು ಇವರು ಕೋಟಾ ಮೀರಿ ಕೇಳಿದ್ದರು. “ಅಳಿಯನ ಪತ್ರ ತನ್ನಿ” ಎಂದೆ. ತಂದರು. “ಇದರ ಮೇಲೆ ಅಲ್ಲಿಯ ನಮ್ಮ ದೂತಾವಾಸದ ಮುದ್ರೆ ಬೇಕು” ಎಂದೆ. ಪತ್ರ ಜರ್ಮನಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರಲು ವಾರಗಳೇ ಹಿಡಿದವು. ಮೂರನೇ ಸಲ ಬಂದಾಗ ಅವರ ಕೈಯಲ್ಲಿ ಕಾಗದದ ಜೊತೆ ಪೇಡೆಯ ಡಬ್ಬಿ ಇತ್ತು.

“ಮಗು ಹುಟ್ಟಿತು ಮಾರಾಯ್ರೆ. ಗಂಡು. ಇನ್ನು ನಿಮ್ಮ ಪರ್ಮಿಶನ್ ಬೇಡ, ತಗೊಳ್ಳಿ ಸಿಹಿ” ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಅನುಮತಿಗೆ ಕಾಯುತ್ತ ಪ್ರಯಾಣವನ್ನೇ ಮುಂದೂಡಿದ್ದರು ಎಂಬುದು ನನಗೆ ತಿಳಿದದ್ದು ಆಗಲೇ. ನಿಯಮದ ಪ್ರಕಾರ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಆದರೆ ಏನೇನು ಕಾಗದ ಬೇಕು ಎಂಬುದನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಅವರು ಮೂರು ಸಲ ಬರಬೇಕಿರಲಿಲ್ಲ. ಕೋಟಾದಷ್ಟನ್ನು ಇಂದೇ ಒಯ್ಯಬಹುದು, ಉಳಿದದ್ದಕ್ಕೆ ಕಾಯಬೇಡಿ ಎಂದು ಹೇಳಬಹುದಿತ್ತು. ಹೇಳಬೇಕೆಂದು ಹೊಳೆಯಲಿಲ್ಲ. ಕೌಂಟರಿನ ಒಳಗೆ ಕೂತವನಿಗೆ ಹೊರಗಿನವರ ದಿನಗಳು ಕಾಣುವುದಿಲ್ಲ.

1991ರಲ್ಲಿ ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಇಳಿಯಿತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡ ಇಟ್ಟಿತು. ಆ ಬೇಸಿಗೆಯಲ್ಲಿ ನಮ್ಮ ವಿಭಾಗದಲ್ಲಿ ಎಲ್ಲರೂ ಮೆಲುದನಿಯಲ್ಲೇ ಮಾತಾಡುತ್ತಿದ್ದೆವು. ಮನೆಯ ತಾಳಿ ಅಡ ಇಟ್ಟ ಹಾಗಿತ್ತು. ಅಲ್ಲಿಂದ ದಾರಿ ತಿರುಗಿತು. ಫೆರಾ ಹೋಗಿ 2000ದ ಜೂನ್ 1ರಿಂದ ಫೆಮಾ ಬಂತು. 2004ರಲ್ಲಿ ರಿಸರ್ವ್ ಬ್ಯಾಂಕು ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂದಿತು. 2015ರಿಂದ ಅದು 2,50,000 ಡಾಲರ್. ಎಂಟು ಡಾಲರಿನ ದೇಶ ಎಲ್ಲಿಗೆ ಬಂತು ನೋಡಿ! ನಮ್ಮ ಕಡೆಯ ಬಾಗಿಲು ತೆರೆಯಿತು. ಈಗ ದುಡ್ಡಿದೆ, ದಿನಗಳಿಲ್ಲ.

ಆ ಕಡೆಯ ಬಾಗಿಲ ಕತೆ ಶುರುವಾಗುವುದು ಲಾರಿಗಳಿಂದ. 1984ರ ಫೆಬ್ರವರಿಯಲ್ಲಿ ಗಡಿಯ ಕಸ್ಟಮ್ಸ್ ನೌಕರರ ಚಳವಳಿಯಿಂದ ಬೇಸತ್ತ ಲಾರಿ ಚಾಲಕರು ಫ್ರಾನ್ಸಿನ ರಸ್ತೆಗಳನ್ನೇ ಕಟ್ಟಿಬಿಟ್ಟರು. ನಿಪ್ಪಾಣಿ ಹತ್ತಿರ ಕೊಗನೋಳಿ ಚೆಕ್‌ಪೋಸ್ಟಿನಲ್ಲಿ ಮೈಲುಗಟ್ಟಲೆ ಲಾರಿ ನಿಂತದ್ದನ್ನು ನೋಡಿದವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟೀತು. ಆ ಜುಲೈನಲ್ಲೇ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ತಮ್ಮ ನಡುವಿನ ತಪಾಸಣೆ ಸಡಿಲಿಸಲು ಒಪ್ಪಿದವು. ಮರುವರ್ಷ 1985ರ ಜೂನ್ 14ರಂದು ಬೆಲ್ಜಿಯಂ, ನೆದರ್ಲ್ಯಾಂಡ್ಸ್, ಲಕ್ಸೆಂಬರ್ಗ್ ಸೇರಿ ಐದು ದೇಶಗಳು ಮೊಸೆಲ್ ನದಿಯಲ್ಲಿ ನಿಂತ ಒಂದು ಹಡಗಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಮೂರು ದೇಶಗಳ ಗಡಿ ಕೂಡುವ ಆ ಜಾಗದ ದಡದಲ್ಲಿರುವ, ದ್ರಾಕ್ಷಿ ಬೆಳೆಯುವ ಲಕ್ಸೆಂಬರ್ಗಿನ ಪುಟ್ಟ ಹಳ್ಳಿಯ ಹೆಸರು ಶೆಂಗೆನ್. ಒಂದು ಹಳ್ಳಿಯ ಹೆಸರು ಹೀಗೆ ನಮ್ಮ ಡೊಂಬಿವಲಿಯ ಊಟದ ಮೇಜಿನವರೆಗೂ ಬಂತು.

ಒಪ್ಪಂದ ನಿಜವಾಗಿ ಜಾರಿಗೆ ಬಂದದ್ದು 1995ರ ಮಾರ್ಚ್ 26ರಂದು, ಏಳು ದೇಶಗಳಲ್ಲಿ. 2023ರಲ್ಲಿ ಕ್ರೊಯೇಷಿಯಾ ಸೇರಿತು. 2025ರ ಜನವರಿ 1ರಂದು ಬಲ್ಗೇರಿಯಾ, ರೊಮೇನಿಯಾಗಳ ಭೂಗಡಿಗಳೂ ತೆರೆದು ಒಟ್ಟು 29 ಆದವು. ಆದರೆ ಒಳಗಿನ ಗೋಡೆ ತೆಗೆದ ಮೇಲೆ ಹೊರಗಿನ ಗೋಡೆ ಗಟ್ಟಿ ಮಾಡಲೇಬೇಕಲ್ಲ? ವಾಡೆಯ ಕೋಣೆಗಳ ಬಾಗಿಲು ತೆಗೆದರೆ ದಿಡ್ಡಿ ಬಾಗಿಲಿಗೆ ಅಗಳಿ ಹಾಕಬೇಕು. ಒಂದೇ ವೀಸಾ, ಒಂದೇ ಲೆಕ್ಕ. ಮೊದಲು ಆ ಲೆಕ್ಕ ತಿಂಗಳುಗಳಲ್ಲಿತ್ತು: ಮೊದಲ ಪ್ರವೇಶದ ದಿನದಿಂದ ಆರು ತಿಂಗಳಲ್ಲಿ ಮೂರು ತಿಂಗಳು. 2013ರ ಅಕ್ಟೋಬರ್ 18ರಿಂದ ಅದು ದಿನಗಳಿಗೆ ಬಂತು, ಜಾರುವ ಕಿಟಕಿಯಾಯಿತು. ಹೊರಗಟ್ಟಿದ ದಿನ ಎಣಿಸುವವರು ಆಗಲೂ ಪಾಸ್‌ಪೋರ್ಟಿನ ಮಾಸಿದ ಮುದ್ರೆಗಳನ್ನು ಬೆಳಕಿಗೆ ಹಿಡಿದು ಎಣಿಸುತ್ತಿದ್ದರು. ಮನುಷ್ಯ ಎಣಿಸುವಾಗ ಒಂದೆರಡು ದಿನ ಹೆಚ್ಚುಕಮ್ಮಿಯಾದದ್ದು ಕಣ್ಣು ತಪ್ಪುವುದೂ ಉಂಟು.

ಯಂತ್ರದ ಕಣ್ಣು ತಪ್ಪುವುದಿಲ್ಲ. ಭಾರತದ ಅರ್ಜಿದಾರರಿಂದ ವೀಸಾಕ್ಕೆ ಬೆರಳಚ್ಚು ತೆಗೆದುಕೊಳ್ಳಲು ಶುರುಮಾಡಿದ್ದು 2015ರ ನವೆಂಬರ್‌ನಲ್ಲಿ. ಒಮ್ಮೆ ಕೊಟ್ಟದ್ದು 59 ತಿಂಗಳು ನಡೆಯುತ್ತದೆ. ನಾವು 2023ರಲ್ಲಿ ಕೊಡಲು ಹೋದಾಗ ಇವಳ ಬೆರಳನ್ನು ಯಂತ್ರ ಮೂರು ಸಲ ಒಪ್ಪಲಿಲ್ಲ. ಪಾತ್ರೆ ತಿಕ್ಕಿ, ಅರಿವೆ ಹಿಂಡಿ ಗೆರೆ ಸವೆದಿದ್ದವು. ಆ ಹುಡುಗಿ ಪಾಪ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮತ್ತೆ ಒತ್ತಿಸಿದಳು. “ಇಷ್ಟು ದಿನಾ ದುಡದಿದ್ದಕ್ಕ ಸಾಕ್ಷಿ ಬೇಕಾದ್ರ ಇದ ಅದ” ಎಂದು ಇವಳು ಕೈ ತೋರಿಸಿದ್ದಳು. ಇನ್ನು 2025ರ ಅಕ್ಟೋಬರ್ 12ರಿಂದ ಪ್ರವೇಶ-ನಿರ್ಗಮನ ವ್ಯವಸ್ಥೆ ಎಂಬುದು ಶುರುವಾಯಿತು. ಗಡಿಯಲ್ಲಿ ಮುಖದ ಚಿತ್ರ ಹಿಡಿದು, ಒಳಹೋದ ದಿನ, ಹೊರಬಂದ ದಿನ ಕಂಪ್ಯೂಟರಿಗೆ ಸೇರಿಸುವುದು. ಮುದ್ರೆ ಒತ್ತುವ ಪದ್ಧತಿಯ ಜಾಗದಲ್ಲಿ ಇದು. ಹಂತಹಂತವಾಗಿ ತಂದು 2026ರ ಏಪ್ರಿಲ್ 10ಕ್ಕೆ ಪೂರ್ತಿ ಮಾಡುವುದೆಂದು ವೇಳೆ ಗೊತ್ತುಮಾಡಿದ್ದರು. ನಮ್ಮ ದೀಪಾವಳಿ ಪ್ರವಾಸ ಅದು ಶುರುವಾಗಿ ಮೂರು ದಿನಕ್ಕೆ ಬಿದ್ದಿತ್ತು. ದಿನ ಮೀರಿದರೆ ದಂಡ, ಮುಂದಿನ ವೀಸಾಕ್ಕೆ ಕಲ್ಲು. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಕೇಳಬಹುದು. ದಿನಗಳಿಗೆ ಓವರ್‌ಡ್ರಾಫ್ಟ್ ಇಲ್ಲ.

ತಯಾರಿಯ ಉಳಿದ ನಿಯಮಗಳನ್ನೂ ಹೇಳಿಬಿಡುತ್ತೇನೆ, ಊರಿನಲ್ಲಿ ಮಕ್ಕಳ ಹತ್ತಿರ ಹೊರಟವರು ಬಹಳ ಮಂದಿ ಇದ್ದೀರಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಪಡೆದದ್ದಿರಬೇಕು, ಮರಳುವ ದಿನದ ನಂತರ ಕನಿಷ್ಠ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋಗಳದ್ದು. ದೊಡ್ಡವರ ವೀಸಾ ಶುಲ್ಕ 2020ರಲ್ಲಿ 60ರಿಂದ 80 ಯೂರೋ ಆಯಿತು, 2024ರ ಜೂನ್‌ನಲ್ಲಿ 90. ಮಕ್ಕಳ ಮನೆಯಲ್ಲಿ ಉಳಿಯುವುದಾದರೆ ನೆದರ್ಲ್ಯಾಂಡ್ಸಿನವರದು ಒಂದು ನಮೂನೆ ಇದೆ. ಮಗಳು ತನ್ನ ಊರಿನ ಪುರಸಭೆಗೆ ಹೋಗಿ ಅಧಿಕಾರಿಯ ಎದುರು ಸಹಿ ಹಾಕಿ ಮುದ್ರೆ ಪಡೆದು ಕಳಿಸಬೇಕು. ಅಂದರೆ ಜಾಮೀನು. ಸಾವಿರಾರು ಮಂದಿಗೆ ಜಾಮೀನುದಾರರನ್ನು ಕರೆತನ್ನಿ ಎಂದವನು ನಾನು. ನನಗೆ ಈಗ ಮಗಳ ಜಾಮೀನು.

ಅರ್ಜಿಯ ಜೊತೆ ಒಂದು ಪತ್ರ ಬರೆಯಬೇಕು. ನಾವು ಖಂಡಿತ ಮರಳಿ ಬರುತ್ತೇವೆ, ನಮಗೆ ನಮ್ಮ ಊರಿನಲ್ಲಿ ಮನೆ ಇದೆ, ಪಿಂಚಣಿ ಇದೆ, ಬೇರು ಇದೆ ಎಂದು. ಆಗಸ್ಟಿನಲ್ಲಿ ಆ ಪತ್ರ ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಯಾವುದು ನನ್ನ ಊರು? 1984ರಲ್ಲಿ ಧಾರವಾಡದ ಎಂ.ಕಾಂ. ಸರ್ಟಿಫಿಕೇಟು, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದುಕೊಂಡು ಮೀರಜದಲ್ಲಿ ಗಾಡಿ ಬದಲಿಸಿ ಈ ಊರಿಗೆ ಬಂದವನು ನಾನು. “ಮೂರು ವರ್ಷಕ್ಕ ವರ್ಗಾ ಮಾಡಿಸ್ಕೊಂಡು ಬಂದ್ಬಿಡ್ತೀನವ್ವಾ” ಎಂದಿದ್ದೆ. ಅವಳು ಪುರಾವೆ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಪ್ರಮೋಶನ್ ಬಂತು, ಮಗಳ ಶಾಲೆ ಬಂತು, ಮನೆಯ ಸಾಲ ಬಂತು. ದಿನ ಮೀರಿ ಉಳಿದದ್ದಕ್ಕೆ ಅಲ್ಲಿ ದಂಡ ಇರಲಿಲ್ಲ, ಪ್ರತಿ ಯುಗಾದಿಗೆ “ಈ ವರ್ಷ ಆಗ್ತದೇನಪಾ?” ಎಂಬ ಒಂದು ಮಾತು ಇತ್ತು ಅಷ್ಟೆ. ಅವಳು ಹೋದ ಮೇಲೆ ಆ ಮಾತೂ ನಿಂತಿತು. ಕಾಣದ ದೇಶದ ಅಧಿಕಾರಿಗೆ ಕೊಟ್ಟ ಮಾತನ್ನು ನಾನು ದಿನ ತಪ್ಪದೆ ಉಳಿಸಿಕೊಂಡಿದ್ದೇನೆ. ಎರಡು ವರ್ಷದ ವೀಸಾ ಅದಕ್ಕೇ ಸಿಕ್ಕ ಬಹುಮಾನ.

2020ರ ಮೇ ತಿಂಗಳಲ್ಲಿ ಇನ್ನೊಂದು ಪಾಠವಾಯಿತು. ಕೋವಿಡ್ ಕಾಲದಲ್ಲಿ ಕರ್ನಾಟಕ ಸ್ವಲ್ಪ ದಿನ ಮಹಾರಾಷ್ಟ್ರದಿಂದ ಬರುವವರಿಗೆ ಬಾಗಿಲು ಹಾಕಿತು. ಸೇವಾ ಸಿಂಧು ಪಾಸ್ ಇಲ್ಲದೆ ಕೊಗನೋಳಿ ದಾಟುವಂತಿರಲಿಲ್ಲ. ಆಗಿನ ಭಯದಲ್ಲಿ ಅದು ತಪ್ಪು ಎನ್ನಲಾರೆ. ಯುರೋಪಿನವರೂ ಅದೇ ವಸಂತದಲ್ಲಿ ತಮ್ಮ ತಮ್ಮೊಳಗಿನ ಗಡಿಗಳನ್ನೇ ಮುಚ್ಚಿಕೊಂಡಿದ್ದರು. ಆದರೆ ನನ್ನೂರಿಗೆ ಹೋಗಲು ನನಗೇ ಒಂದು ವೀಸಾ ಬೇಕು ಎಂಬುದು ಅರಗಲು ಬಹಳ ದಿನ ಹಿಡಿಯಿತು. ಗಡಿ ಮಲಗಿರುತ್ತದೆ, ಸತ್ತಿರುವುದಿಲ್ಲ.

ಈಗ ನಮ್ಮ ಡಿಸೆಂಬರಿಗೆ ಬರುತ್ತೇನೆ. ಹೋಗುವುದನ್ನೇ ಮುಂದೂಡೋಣವೇ ಎಂದರೆ ಹೆರಿಗೆ ಮುಂದೂಡಲಾಗದು. ಮಗಳು ಫೋನಿನಲ್ಲಿ ಸಮಾಧಾನ ಹೇಳಿದಳು: “ಅಪ್ಪಾ, ಇಲ್ಲಿ ಹೆರಿಗೆ ಆದ ಮೇಲೆ ಎಂಟು-ಹತ್ತು ದಿನ ನರ್ಸು ಮನೆಗೇ ಬರ್ತಾಳ, ಕ್ರಾಮ್‌ಜೋರ್ಗ್ ಅಂತ. ಕೂಸಿಗೆ ಸ್ನಾನಾ, ಹಾಲು ಕುಡಿಸೂದು ಎಲ್ಲಾ ಅಕೀನೇ ಕಲಿಸ್ತಾಳ.” ಇವಳು ಫೋನು ಕಸಿದುಕೊಂಡು, “ಹತ್ತು ದಿನದಾಗ ಏನ್ ಬಾಣಂತನ ಆಗ್ತದ, ಸೊಂಟಕ್ಕ ನೀರು ಯಾರು ಹಾಕ್ತಾರ?” ಎಂದಳು. ಆಮೇಲೆ ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತಳು. ನಾನು ಹೋಗಿ ಹೇಳಿದೆ: “ತಪ್ಪು ನಂದು.” “ತಪ್ಪು ಯಾರದಾದ್ರೇನು, ದಿನಾ ಬರ್ತಾವೇನು?” ಎಂದಳು.

ದಾರಿ ತೋರಿಸಿದ್ದೂ ಅವಳೇ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಫೋನು ಹಚ್ಚಿ ಬೀಗಿತಿಯನ್ನು ಕೇಳಿದಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನ ಹಕ್ಕು, ಅತ್ತೆಯ ಪಾಲಿಗೆ ಬಿಡುವುದು ಅವಳಿಗೆ ಸುಲಭದ ಮಾತಾಗಿರಲಿಲ್ಲ. “ಮಾರ್ಚ್ ಹತ್ತರ ತನಕ ನಾನು. ಮುಂದ ನೀವು ಬರ್ತೀರೇನ್ರೀ?” ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ಅಯ್ಯ, ಬರಲಾರದೇನ್ರೀ! ಆದ್ರ ನಾ ಒಬ್ಬಾಕಿನ ವಿಮಾನ ಹತ್ತಿದಾಕಿ ಅಲ್ಲ. ಕಾಗದಾ ಪತ್ರಾ ನನಗ ತಿಳಿಯೂದಿಲ್ಲ. ಅಣ್ಣಾರು ಹೇಳಿಕೊಟ್ರ ಬರ್ತೀನಿ” ಎಂದರು.

ಅಣ್ಣಾರು ಎಂದರೆ ನಾನು. ಅಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಒಂದು ಹಾಳೆ ತೆಗೆದುಕೊಂಡು ಏನೇನು ಬೇಕು ಎಲ್ಲವನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಂಬರು ಹಾಕಿ ಬರೆದೆ. ಪಾಸ್‌ಪೋರ್ಟು, ಫೋಟೋ, ವಿಮೆ, ಮಗನ ಪುರಸಭೆಯ ಮುದ್ರೆಯ ಪತ್ರ, ಪಿಂಚಣಿಯ ಪಾಸ್‌ಬುಕ್ಕು, ಟಿಕೇಟಿನ ಕಾಯ್ದಿರಿಸಿದ ಪ್ರತಿ. ಯಾವುದು ಯಾರಿಂದ ಬರಬೇಕು, ಯಾವ ದಿನದೊಳಗೆ ಬರಬೇಕು, ಬೆಂಗಳೂರಿಗೆ ಹೋಗುವಾಗ ಯಾವುದು ಮೇಲೆ, ಯಾವುದು ಕೆಳಗೆ. ತೀರ್ಮಾನಕ್ಕೆ ಸಾಧಾರಣವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯಬಹುದು, ಗಾಬರಿಯಾಗಬೇಡಿ ಎಂದೂ ಬರೆದೆ. ಬರೆದು ಮುಗಿಸಿದಾಗ ಒಂದೇ ಹಾಳೆ, ಎರಡೂ ಮಗ್ಗುಲು. ಹೆಚ್ಚೆಂದರೆ ಅರ್ಧ ತಾಸಿನ ಕೆಲಸ. 1988ರಲ್ಲಿ ಮಾಟುಂಗದ ಆ ತಾಯಿಗೆ ಇದರ ಕಾಲುಭಾಗ ಬರೆದು ಕೊಟ್ಟಿದ್ದರೂ ಸಾಕಿತ್ತು.

ಬೀಗಿತಿಯ ವೀಸಾ ಡಿಸೆಂಬರ್ ಕೊನೆಗೆ ಬಂತು. ಒಂದೇ ಸಲ ಹೋದದ್ದು, ಒಂದು ಕಾಗದವೂ ಕಡಿಮೆ ಬೀಳಲಿಲ್ಲವಂತೆ. ಮಾರ್ಚ್ 5ಕ್ಕೆ ಅವರು ಅಲ್ಲಿ ಇಳಿಯುವುದು, ಐದು ದಿನ ಇಬ್ಬರೂ ಕೂಡಿ ಇರುವುದು, 10ಕ್ಕೆ ನಾವು ಹೊರಡುವುದು ಎಂದಾಯಿತು.

ಜನವರಿ 9ರ ರಾತ್ರಿ ಪೆಟ್ಟಿಗೆ ತೂಗಿದೆವು. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಹೊರದೇಶದಿಂದ ಒಯ್ಯುವಂತಿಲ್ಲ; ಹಾಗಾಗಿ ತುಪ್ಪದ ಡಬ್ಬಿ ಹೊರಗೆ ಉಳಿಯಿತು. “ಇರ್ಲಿ ಬಿಡ್ರಿ, ಅವರ ದೇಶದಾಗ ಬೆಣ್ಣಿಗೇನು ಬರ? ಅಲ್ಲೇ ಕಾಸಿದ್ರಾತು” ಎಂದಳು. ಅಂಟು, ಒಣಶುಂಠಿ ಪುಡಿ, ಬಜೆ, ಹಳೇ ಧೋತರ ಹರಿದು ಹೊಲಿದ ದುಪಟಿಗಳು ಒಳಗೆ ಹೋದವು. ಬೀಗಿತಿಗೆಂದು ಇನ್ನೊಂದು ಡಬ್ಬಿ ಶುಂಠಿ ಪುಡಿಗೆ ಬೇರೆ ಚೀಟಿ ಅಂಟಿಸಿದಳು, ಅದರ ಮೇಲೆ ಬರೆದಳು: ಮಾರ್ಚ್ 10ರಿಂದ.

ಕ್ಯಾಲೆಂಡರನ್ನು ಮತ್ತೆ ಗೋಡೆಗೆ ತೂಗುಹಾಕಿ ದೀಪ ಆರಿಸಿದೆವು.